ಐದನೆಯ ಮರಳು ಚೀಲ

ದೆವ್ವ ಗಿವ್ವ ಎಂದರೆ ನಗುವವಳು ನಾನು. ಆದರೂ ಇದು ನಡೆದದ್ದು.

ಯುದ್ಧದ ಕಾಲದಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ನಾನು ವಾಯುಪಡೆಯಲ್ಲಿ ಪ್ಯಾರಾಚೂಟ್ ಮಡಚುತ್ತಿದ್ದೆ. ಮಡಚುವಾಗ ಅದರ ರೇಷ್ಮೆ ಬಟ್ಟೆ ಜಾರದಂತೆ ಮೇಲೆ ಅಂಗೈಯಗಲದ ಐದು ಮರಳು ಚೀಲಗಳನ್ನು ಇಡುತ್ತಿದ್ದೆವು. ಕೊನೆಗೆ ಐದನ್ನೂ ಎಣಿಸಿ ತೆಗೆಯಬೇಕು. ಒಂದು ಒಳಗೇ ಉಳಿದರೂ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಹೋಗಬಹುದು.

ಒಂದು ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ನಾಲ್ಕೇ ಇದ್ದವು. ಹಿಂದಿನ ಸಂಜೆ ಆತುರದಲ್ಲಿ ಎಣಿಸದೆ ಮಡಚಿಟ್ಟ ಪ್ಯಾರಾಚೂಟ್ ಒಂದೇ ಒಂದು, ನನ್ನನ್ನು ಸದಾ ರೇಗಿಸುವ, ನಾನು ಅಣ್ಣ ಎನ್ನುತ್ತಿದ್ದ ಪೈಲಟ್‌ನದು.

ಓಡಬೇಕು ಎನ್ನುವಷ್ಟರಲ್ಲಿ ಅವನೇ ಒಳಗೆ ಬಂದ. ಹೊರಗೆ ಸುಡುವ ಬಿಸಿಲು. ಅವನ ಕೂದಲಿನಿಂದ ನೀರು ಇಳಿಯುತ್ತಿತ್ತು, ಕೆಳಗೆ ನೆಲ ಮಾತ್ರ ಒಣಗಿಯೇ ಇತ್ತು.

"ಇದು ನಿಂದೇ ಅಲ್ವಾ ತಂಗಿ?" ಎಂದು ಚೀಲವನ್ನು ಮೇಜಿನ ಮೇಲಿಟ್ಟ.

ಹಾರುವ ಮೊದಲೇ ಅವನ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ಹೋದ ಜೀವ ಬಂದಂತಾಯಿತು. "ಅಬ್ಬಾ, ಬದುಕಿಸಿದ್ರಿ ಅಣ್ಣ!" ಎಂದೆ.

"ಬಿಡು, ಯಾರಿಗೂ ಹೇಳಲ್ಲ," ಎಂದು ಹೊರಟ. ಬೂಟಿನ ಸದ್ದೇ ಕೇಳಲಿಲ್ಲ.

ಚೀಲ ಒದ್ದೆಯಾಗಿತ್ತು, ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಅಷ್ಟರಲ್ಲಿ ನಮ್ಮ ಮೇಲ್ವಿಚಾರಕಿ ಕಣ್ಣೊರೆಸಿಕೊಳ್ಳುತ್ತಾ ಬಂದರು. "ನಿನ್ನ ಅಣ್ಣನ ವಿಮಾನ ಮುಂಜಾನೆನೇ ಸಮುದ್ರಕ್ಕೆ ಬಿತ್ತಂತೆ ಕಣೆ. ಹಾರಿದ್ನಂತೆ, ಪ್ಯಾರಾಚೂಟ್ ಬಿಚ್ಚಲೇ ಇಲ್ವಂತೆ."

ಆಮೇಲೆ ಚೀಲಗಳನ್ನು ಒಂದೊಂದಾಗಿ ಎಣಿಸಿದರು. "ಐದೂ ಇದಾವೆ. ನಿನ್ನ ತಪ್ಪಲ್ಲ, ಅಳಬೇಡ."

ಅವರು ಅತ್ತ ಹೋದ ಮೇಲೆ ಒದ್ದೆ ಚೀಲವನ್ನು ಎತ್ತಿ ನನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ.

ಆ ಚೀಲ ಈಗಲೂ ನನ್ನ ಹತ್ತಿರವಿದೆ. ನಲವತ್ತು ಬೇಸಿಗೆ ಬಿಸಿಲಿಗಿಟ್ಟಿದ್ದೇನೆ. ಇನ್ನೂ ಒಣಗಿಲ್ಲ.