ಮಗ್ಗಗಳ ಸದ್ದಿನಲ್ಲಿ ಒಂದು ಮಾತು

"ಯಾರನ್ನ ಕೇಳಿ ನನ್ನ ಮಗ್ಗ ನಿಲ್ಸಿದ್ರಿ?"

ಹೊಸ ಮೆಕ್ಯಾನಿಕ್ ತಲೆಯೆತ್ತಲೇ ಇಲ್ಲ. ಅವಳ ಹಿಂದೆ ಬಗ್ಗಿ, ಬೆಲ್ಟಿನ ಸಂದಿಗೆ ಸಿಕ್ಕಿದ್ದ ಜಡೆಯ ತುದಿಯನ್ನು ಮೆಲ್ಲಗೆ ಬಿಡಿಸುತ್ತಿದ್ದ.

ಅವಳು ಜಡೆಯನ್ನು ಮುಂದಕ್ಕೆಳೆದು ನೋಡಿಕೊಂಡಳು. ಇನ್ನೊಂದು ಕ್ಷಣ ತಡವಾಗಿದ್ದರೆ...!

"ಜಡೆ ಮೇಲೆ ಕಟ್ಕೊಳ್ಳಿ," ಎಂದಷ್ಟೇ ಹೇಳಿ ಹೋದ.

ಷೆಡ್ಡು ಅವಳ ಚಿಕ್ಕಮ್ಮನದು. ತಾಯಿಯಿಲ್ಲದ ಅವಳನ್ನು ಸಾಕಿ, ನೇಯುವುದನ್ನು ಕಲಿಸಿದ್ದೂ ಚಿಕ್ಕಮ್ಮನೇ. ಅಲ್ಲಿ ಎಲ್ಲರೂ ಆ ಮೆಕ್ಯಾನಿಕ್‌ನನ್ನು 'ಮೌನಿ ಮೇಸ್ತ್ರಿ' ಅನ್ನುತ್ತಿದ್ದರು. ಆದರೆ ಅವಳು ಎದುರಿಗೆ ಕೂತು ಹರಟಿದರೆ ಮೌನಿಗೂ ಮಾತು ಬರುತ್ತಿತ್ತು, ನಗುವೂ ಬರುತ್ತಿತ್ತು. ಆ ನಗುವಿಗೇ ಅವಳು ಸೋತುಹೋದಳು.

ಒಂದು ಮಧ್ಯಾಹ್ನ ಇಬ್ಬರೂ ಮೂಲೆಯ ಮಗ್ಗಕ್ಕೆ ಹೊಸ ಹಾಸುನೂಲು ಏರಿಸುತ್ತಿದ್ದರು. ಅವನು ಆಚೆಯಿಂದ ಒಂದೊಂದೇ ಎಳೆ ಕೊಡಬೇಕು, ಅವಳು ಈಚೆಯಿಂದ ಕೊಕ್ಕೆಯಲ್ಲಿ ಹಣಿಗೆಯ ಸಂದಿಗೆ ಎಳೆದುಕೊಳ್ಳಬೇಕು. ಉಳಿದ ಮಗ್ಗಗಳೆಲ್ಲ ಭೋರೆನ್ನುತ್ತಿದ್ದವು. ತಲೆ ತಗ್ಗಿಸಿಕೊಂಡೇ ಅವಳು ಧೈರ್ಯ ಮಾಡಿದಳು.

"ಚಿಕ್ಕಮ್ಮ ನಂಗೆ ಗಂಡು ಹುಡುಕ್ತಿದ್ದಾರೆ... ನಂಗೆ ನೀವೇ ಇಷ್ಟ."

ಆಚೆಯಿಂದ ಬೆರಳುಗಳು ಚಾಚಿದವು.

"ಮುಂದಿನ ಎಳೆ ತಗೊಳ್ಳಿ."

ಅಷ್ಟೇನಾ? ನನ್ನ ಮಾತಿಗೆ ಇಷ್ಟೇ ಬೆಲೆನಾ?!

ಅಂದಿನಿಂದ ಅವಳು ಅವನ ಕಡೆ ತಿರುಗಲಿಲ್ಲ. ಅವನು ಎದುರಾದರೆ ಮುಖ ತಿರುಗಿಸುತ್ತಿದ್ದಳು. ಏನಾಯಿತೆಂದು ಅವನು ಎರಡು ಸಲ ಕೇಳಿದ; ಎರಡು ಸಲವೂ ಅವಳು ಎದ್ದು ಹೋದಳು.

ಒಂದು ಬೆಳಿಗ್ಗೆ ಚಿಕ್ಕಮ್ಮ ಪೆಚ್ಚುಮುಖ ಹಾಕಿಕೊಂಡು ಬಂದರು.

"ಮೇಸ್ತ್ರಿ ಕೆಲಸ ಬಿಡ್ತಾನಂತೆ ಕಣೆ. 'ಕಿವುಡನ ಸಹವಾಸ ಅವ್ರಿಗೆ ಸಾಕಾಗಿರ್ಬೇಕು' ಅಂತಾನೆ. ಏನಂದೆ ಅವ್ನಿಗೆ?"

"ಕಿವುಡ...?"

"ಗೊತ್ತಿಲ್ವಾ? ಚಿಕ್ಕಂದಿನಿಂದ ಮಗ್ಗದ ಸದ್ದಲ್ಲೇ ದುಡಿದು ಕಿವಿ ಹೋಗಿದೆ. ಬಾಯಿ ನೋಡ್ಕೊಂಡು ಮಾತು ಹಿಡೀತಾನೆ."

ಅವಳ ಕೈಯಿಂದ ಲಾಳಿ ಜಾರಿತು. ಅಂದು ತಲೆ ತಗ್ಗಿಸಿಕೊಂಡು ಹೇಳಿದ್ದೆನಲ್ಲ... ಅಯ್ಯೋ, ಅವರಿಗೆ ಏನೂ ಗೊತ್ತೇ ಆಗಿಲ್ಲ! ಆಮೇಲೆ ನಾನು ಮುಖವನ್ನೂ ತೋರಿಸಲಿಲ್ಲ!

ಷೆಡ್ಡಿನ ಆ ತುದಿಯಲ್ಲಿ ಅವನು ಪಾನೆ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಓಡಿಹೋಗಿ ಎದುರಿಗೆ ನಿಂತಳು. ಸುತ್ತ ಎಲ್ಲ ಮಗ್ಗಗಳೂ ಓಡುತ್ತಿದ್ದವು, ಹತ್ತಾರು ಜನ ನೇಯುತ್ತಿದ್ದರು. ಅವಳು ಮುಖ ಎತ್ತಿ, ದನಿಯೇ ಇಲ್ಲದೆ, ತುಟಿಯಲ್ಲಷ್ಟೇ ಹೇಳಿದಳು. ಅಂದು ಹೇಳಿದ್ದನ್ನೇ, ಒಂದಕ್ಷರ ಬಿಡದೆ.

ಅವನ ಕೈಯ ಪಾನೆ ಹಾಗೇ ನಿಂತಿತು. ಕಣ್ಣು ತುಂಬಿ ಬಂತು.

"ನಂಗೂ ನೀವಂದ್ರೆ ಪ್ರಾಣ!"

ತನ್ನ ದನಿ ಎಷ್ಟು ಜೋರೆಂದು ಪಾಪ, ಅವನಿಗೇನು ಗೊತ್ತು! ಮಗ್ಗಗಳ ಸದ್ದನ್ನೂ ಮೀರಿ ಮಾತು ಷೆಡ್ಡೆಲ್ಲ ಮೊಳಗಿತು. ನೇಯುವವರು ಒಬ್ಬೊಬ್ಬರೇ ತಿರುಗಿ ನೋಡಿದರು. ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಅವಳ ಮುಖ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಅಯ್ಯೋ... ಎಲ್ರಿಗೂ ಕೇಳಿಸ್ತು ರೀ!"

"ಎಲ್ರ ಮಾತು ಬಿಡಿ," ಅವನು ಅವಳ ತುಟಿಗಳನ್ನೇ ನೋಡುತ್ತಾ ಕೇಳಿದ. "ನಿಮಗೆ ಕೇಳಿಸ್ತಾ?"