ಬೆಕ್ಕು ಕದ್ದವನ ಮೇಲೆ ಸೇಡು

"ಏಯ್... ನಿಲ್ಲಿಸ್ರೀ! ಆ ಬ್ಯಾಗಲ್ಲಿ ಏನಿದೆ?"

ನವಿ ಮುಂಬೈಯ ಘಣಸೋಲಿಯ ಒಂದು ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಪ್ರಕೃತಿಯ ಕೂಗು ಮೊಳಗಿತು. ರಿಕ್ಷಾದೊಳಗೆ ಒಂದು ಕಾಲಿಟ್ಟಿದ್ದ ಯುವಕ ತಿರುಗಿ ನೋಡಿದ. ಅವನ ಕೈಯಲ್ಲಿದ್ದ ಕಪ್ಪು ಬ್ಯಾಗು ಒದ್ದಾಡುತ್ತಿತ್ತು. ಜಿಪ್ಪಿನ ಸಂದಿಯಿಂದ ಕಿತ್ತಳೆ ಬಣ್ಣದ ಬಾಲ ಹೊರಗಿಣುಕಿತ್ತು.

ರಾಣಿ!

ಬೇಲಾಪುರದ ಆಫೀಸಿನಿಂದ ಬಂದ ಕೂಡಲೇ ಅವಳ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಬೀದಿಬೆಕ್ಕು. ಮೈಸೂರು ಬಿಟ್ಟು ಬಂದ ಮೇಲೆ ಈ ಊರಿನಲ್ಲಿ ಅವಳಿಗಾಗಿ ಕಾಯುತ್ತಿದ್ದ ಒಂದೇ ಜೀವ.

"ಸೈಡ್ ಬಿಡ್ರೀ, ಟೈಮಿಲ್ಲ ನಂಗೆ!" ಎಂದವನೇ ಒಳಗೆ ಕೂತ. ರಿಕ್ಷಾ ಹೊರಟೇಹೋಯಿತು.

"ಬೆಂಗ್ಳೂರಿನವ ರೀ, ಚಿನ್ಮಯ್ ಅಂತ. ನಿಮ್ಮ ಮ್ಯಾಲಿನ ಫ್ಲ್ಯಾಟಿಗೆ ಬಾಡಿಗಿಗೆ ಬಂದಾನ," ಎಂದ ವಾಚ್‌ಮನ್ ಸೈದಪ್ಪ. "ಬೆಕ್ಕಿನ ಕಾಟ ಭಾಳ ಆಗೇದ ಅಂತ ಕಮಿಟಿಯವ್ರು ಅಂತಿದ್ರು. ಎಲ್ಲರೆ ಒಯ್ದು ಬಿಟ್ಟು ಬರ್ತಾನೋ ಏನೋ..."

ಪ್ರಕೃತಿ ಫೋನ್ ತೆಗೆದು, ದೂರ ಹೋಗುತ್ತಿದ್ದ ರಿಕ್ಷಾದ ಫೋಟೋ ಹಿಡಿದಳು. ಅಷ್ಟರಲ್ಲೇ ಪಂಪ್ ರೂಮಿನ ಹಿಂದಿನಿಂದ ಸಣ್ಣ ದನಿಯೊಂದು ಕೇಳಿಸಿತು... ಮಿಯಾಂ!

ಅಂಗೈಯಷ್ಟು ಮರಿ, ರಾಣಿಯದೇ ಬಣ್ಣ. ಕಣ್ಣು ಈಗಷ್ಟೇ ತೆರೆದಿತ್ತು. ಅದನ್ನು ದುಪಟ್ಟಾದಲ್ಲಿ ಸುತ್ತಿ ಎದೆಗೊತ್ತಿಕೊಂಡಳು.

"ನಿಮ್ಮಮ್ಮನ್ನ ಹೊತ್ಕೊಂಡು ಹೋದವನನ್ನ ಸುಮ್ನೆ ಬಿಡಲ್ಲ ಕಣೇ. ಈ ಬಿಲ್ಡಿಂಗಿಂದಲೇ ಓಡಿಸ್ತೀನಿ!"

ಆವತ್ತೇ ಫೋಟೋ ಸೊಸೈಟಿಯ ಗ್ರೂಪಿಗೆ ಹೋಯಿತು. 'ಹಾಲೂಡಿಸುವ ತಾಯಿಯನ್ನು ಚೀಲಕ್ಕೆ ತುಂಬಿ ಈ ರಿಕ್ಷಾದಲ್ಲಿ ಒಯ್ದ ಮಹಾಶಯ, ಚಿನ್ಮಯ್.' ಬೈಗುಳದ ಸುರಿಮಳೆಯಾಯಿತು. ಓದುತ್ತಾ ಓದುತ್ತಾ ಅವಳ ಮುಖದಲ್ಲಿ ನಗು ಮೂಡಿತು.

ಮರಿಗೆ ಚಂಡಿ ಎಂದು ಹೆಸರಿಟ್ಟಳು. ರಟ್ಟಿನ ಪೆಟ್ಟಿಗೆಗೆ ಹಳೇ ಟವೆಲ್ ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮಗ್ಗುಲಿಗಿಟ್ಟಳು. ಮರಿಬೆಕ್ಕುಗಳ ಹಾಲಿನ ಪುಡಿ ಕಲಸಿ, ಪುಟ್ಟ ಬಾಟಲಿಯಿಂದ ಕುಡಿಸಿದಳು. ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಸವರಿದರೆ ಮಾತ್ರ ಅದು ಉಚ್ಚೆ ಹೊಯ್ಯುತ್ತಿತ್ತು. ಆ ಕೆಲಸ ತಾಯಿಯದು... ಪ್ರತಿ ಸಲ ಹತ್ತಿ ಹಿಡಿದಾಗಲೂ ಅವಳಿಗೆ ಚಿನ್ಮಯ್ ನೆನಪಾಗುತ್ತಿದ್ದ. ಪ್ರತಿ ಸಲವೂ ಮೈ ಉರಿಯುತ್ತಿತ್ತು.

ಒಮ್ಮೆ ಅವನೇ ಬೆಲ್ ಮಾಡಿದ.

"ಒಂದ್ನಿಮಿಷ ಕೇಳಿ, ಆ ಬೆಕ್ಕು..."

ಧಡ್! ಅವನ ಮುಖಕ್ಕೇ ಬಾಗಿಲು ಬಿತ್ತು. ಆಮೇಲೂ ಬಂದ. ಅವಳು ತೆಗೆಯಲೇ ಇಲ್ಲ.

ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಅವನ ಮನೆಯ ಒಡತಿ ಸುಮೇಧಾ ಅವರ ನಂಬರ್ ಹುಡುಕಿ ಫೋನ್ ಮಾಡಿದಳು. "ಇಂಥವರನ್ನ ಇಟ್ಕೊಂಡ್ರೆ ನಿಮ್ಮ ಹೆಸರೇ ಕೆಡೋದು ಮೇಡಂ!"

ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಅವನಿಗೆ ಹೇಳಿಕೆ ಹೋಯಿತು. ಲಿಫ್ಟಿನಲ್ಲಿ ಎದುರಾದಾಗ ಅವನ ಕಣ್ಣು ಕೆಂಪಗಿತ್ತು. 'ಅಳು... ಇನ್ನೂ ಅಳು!' ಎಂದುಕೊಂಡಳು.

ಮರುವಾರ ಪುಡಿ ಮುಗಿದಿತ್ತೆಂದು ಪ್ಯಾಕೆಟ್ ಹಾಲು ಕುಡಿಸಿದ್ದೇ ತಪ್ಪಾಯಿತು. ಚಂಡಿಗೆ ಭೇದಿ ಹತ್ತಿತು. ತಲೆ ಎತ್ತಲಾರದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಪ್ರಕೃತಿ ಮಾಜಿವಾಡಾದ ಕ್ಲಿನಿಕ್ಕಿಗೆ ಓಡಿದಳು. ಸಲೈನ್ ಕೊಟ್ಟ ವೈದ್ಯೆ ಅವಳ ವಿಳಾಸ ಕೇಳಿ ನಕ್ಕರು.

"ಅಚ್ಛಾ, ಚಿನ್ಮಯ್ ಅವರ ಬಿಲ್ಡಿಂಗಾ?" ಎಂದರು ಹಿಂದಿಯಲ್ಲಿ. "ಕಾಲ ಮೇಲೆ ಕಾರು ಹರಿದಿದ್ದ ಬೆಕ್ಕನ್ನ ತಂದಿದ್ರು, ಕಿತ್ತಳೆ ಬಣ್ಣದ್ದು. ಕಾಲು ತೆಗೀಬೇಕಾಯ್ತು, ಜೀವ ಉಳೀತು. ಇದಕ್ಕೆ ಮರಿ ಇರಬೇಕು ಅಂದೆ ನೋಡಿ... ಪಾಪ, ಇವತ್ತಿಗೂ ಹುಡುಕ್ತಾನೇ ಇದ್ದಾರೆ."

ಪ್ರಕೃತಿ ಫೋನ್ ತೆಗೆದು, ಗ್ರೂಪಿಗೆ ತಾನೇ ಹಾಕಿದ್ದ ಫೋಟೋವನ್ನು ಮತ್ತೆ ನೋಡಿದಳು.

ಚಂಡಿ ಚೇತರಿಸಿಕೊಂಡ ಮೇಲೆ, ಸಂಜೆ ಅವನ ಬಾಗಿಲು ತಟ್ಟಿದಳು. ತೆರೆದ ಚಿನ್ಮಯ್‌ನ ಹಿಂದೆ ರಾಣಿ ಮೂರು ಕಾಲಲ್ಲಿ ಕುಂಟುತ್ತಾ ಬಂದಿತು!

"ಸೇಡು ತೀರ್ತಾ?" ಎಂದ ಅವನು.

"ಗ್ರೂಪಲ್ಲಿ ಯಾಕೆ ಹೇಳ್ಲಿಲ್ಲ ನೀವು?"

"ಮನೇಲಿ ಪ್ರಾಣಿ ಇಟ್ಕೋಬಾರ್ದು ಅಂತ ಓನರ್ ಕಂಡೀಷನ್. ಹೇಳಿದ್ರೆ ಮೊದಲು ಈ ಬೆಕ್ಕೇ ಬೀದಿಗೆ ಬೀಳ್ತಿತ್ತು. ನಿಮಗೊಬ್ಬರಿಗೆ ಹೇಳೋಣ ಅಂತ ಬಂದ್ರೆ..." ಅವನು ಬಾಗಿಲಿಗೆ ಕೈಯಿಟ್ಟ. "ಕ್ಷಮೆ ಕೇಳೋಕೆ ಬಂದಿದ್ರೆ, ಕೊಡೋ ಮನಸ್ಸಿಲ್ಲ."

ಈ ಸಲ ಬಾಗಿಲು ಬಿದ್ದದ್ದು ಅವಳ ಮುಖಕ್ಕೆ.

'ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ...' ಬೈಗುಳ ತುಂಬಿದ್ದ ಅದೇ ಗ್ರೂಪಿನಲ್ಲಿ ಅವಳು ತನ್ನ ತಪ್ಪನ್ನು ಬರೆದು, ಎಲ್ಲರೆದುರೂ ಅವನ ಕ್ಷಮೆ ಕೇಳಿದಳು. ಬೆಕ್ಕು ಬದುಕಿದೆ, ಅದರ ಮರಿ ತನ್ನ ಹತ್ತಿರವೇ ಇದೆ, ಎರಡನ್ನೂ ಸಾಕುವ ಹೊಣೆ ತನ್ನದು ಎಂದಳು. ಸುಮೇಧಾ ಅವರಿಗೂ ಫೋನ್ ಮಾಡಿ ಬೇಡಿಕೊಂಡಳು. ಆದರೆ ಮನೆ ಆಗಲೇ ಬೇರೆಯವರಿಗೆ ಮಾತಾಗಿತ್ತು.

ಮರುದಿನ ಚಿನ್ಮಯ್ ಒಂದು ಟವೆಲ್ ಹಿಡಿದು ಬಂದ. "ತಾಯಿ ಮಲಗಿದ್ದ ಬಟ್ಟೆ. ಮೊದಲು ವಾಸನೆ ಪರಿಚಯ ಆಗ್ಬೇಕಂತೆ, ಒಮ್ಮೆಗೇ ಬಿಟ್ರೆ ಕಚ್ಚುತ್ತಂತೆ. ನಿಮಗೋಸ್ಕರ ಬಂದಿಲ್ಲ, ತಿಳ್ಕೊಳ್ಳಿ."

ಅಂದಿನಿಂದ ಟವೆಲ್‌ಗಳು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ಓಡಾಡಿದವು. ಬಾಗಿಲಲ್ಲಿ ನಿಂತು ಕೊಟ್ಟು ಹೋಗುತ್ತಿದ್ದವನು, ಬರಬರುತ್ತಾ ಕಾಫಿಗೆ ಕೂರತೊಡಗಿದ. ಬಾಲ್ಕನಿಗೆ ಜಾಲರಿ ಕಟ್ಟಿಕೊಟ್ಟ. ನಡುನಡುವೆ "ನಿಮ್ಮಿಂದ ಮನೆ ಹೋಯ್ತು" ಎಂದು ಚುಚ್ಚುತ್ತಿದ್ದ. ಅವಳು ತಲೆತಗ್ಗಿಸಿ ಕೇಳುತ್ತಿದ್ದಳು. ಅವನು ಬಾರದ ದಿನ ಮಾತ್ರ, ಆ ಚುಚ್ಚುಮಾತಿಗೂ ಮನಸ್ಸು ಹಂಬಲಿಸುತ್ತಿತ್ತು...

ಅವನು ಡೊಂಬಿವಲಿಯ ಹೊಸ ಬಾಡಿಗೆ ಮನೆಗೆ ಹೊರಡುವ ಬೆಳಿಗ್ಗೆ, ಕೆಳಗೆ ಟೆಂಪೋ ನಿಂತಿರುವಾಗ, ರಾಣಿಯನ್ನು ಅವಳ ಹಾಲ್‌ನಲ್ಲಿ ಇಳಿಸಿದ. ಚಂಡಿ ಪುಟುಪುಟು ಓಡಿತು. ರಾಣಿ ಬುಸ್ಸೆಂದಿತು! ಅದು ಮೂಸಿತು... ಮತ್ತೆ ಮೂಸಿತು... ಆಮೇಲೆ ಮುಂಗಾಲಿನಿಂದ ಮರಿಯನ್ನು ಒತ್ತಿ ಹಿಡಿದು ತಲೆ ನೆಕ್ಕತೊಡಗಿತು.

ಪ್ರಕೃತಿ ಬಿಕ್ಕಿದಳು.

"ಹೋಗ್ಬೇಡಿ ಅನ್ನೋ ಹಕ್ಕು ನಂಗಿಲ್ಲ. ಓಡಿಸಿದವಳೇ ನಾನು. ಆದ್ರೂ... ನೀವಂದ್ರೆ ನಂಗೆ ತುಂಬಾ ಇಷ್ಟ."

ಅವನು ಬಾಗಿ ರಾಣಿಯ ಬೆನ್ನು ಸವರಿದ.

"ಮರೀಬೇಕು ಅಂದ್ರೂ ಸಿಟ್ಟು ಹೋಗ್ತಿಲ್ಲ. ದೂರ ಇರಬೇಕು ಅಂದ್ರೆ ಅದೂ ಆಗ್ತಿಲ್ಲ," ಎಂದ ಕೊನೆಗೆ. "ಭಾನುವಾರ ಬರ್ತೀನಿ."

"ರಾಣಿನ ನೋಡೋಕಾ?"

"ಅಲ್ಲ. ನಿನ್ನನ್ನ."

ಅವಳು ಒದ್ದೆ ಕಣ್ಣೆತ್ತಿ ನೋಡಿದಳು. "ಇಷ್ಟು ದಿನ 'ರೀ' ಅಂತಿದ್ರಿ..."

"ಅದನ್ನ ಕಿತ್ಕೊಂಡೆ. ವಾಪಸ್ ಕೊಡಲ್ಲ. ನಂದೂ ಒಂದು ಸೇಡು ಇರ್ಲಿ."

"ತೀರಿಸ್ಕೋ," ಎಂದಳು ಪ್ರಕೃತಿ, ಅವನ ಅಂಗಿಯ ತೋಳು ಹಿಡಿದು. "ನಿಧಾನಕ್ಕೆ ತೀರಿಸ್ಕೋ."