ಪುಸ್ತಕದಂಗಡಿಯ ಕನ್ನಡಿ ಕಿಟಕಿ

"ಯಾರ್ರೀ ನೀವು? ನಮ್ಮ ಪುಸ್ತಕಗಳೆಲ್ಲ ಎಲ್ಲಿ ಹೋದವು?!"

ಏಣಿಯ ಮೇಲಿದ್ದವನು ಬೆಚ್ಚಿ ತಿರುಗಿದ. ಕೆಳಗೆ ಫುಟ್‌ಪಾತಿನಲ್ಲಿ ಒಬ್ಬಳು ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹುಬ್ಬಿನ ಮೇಲೆ ಬ್ಯಾಂಡೇಜು, ಕಣ್ಣಲ್ಲಿ ಬೆಂಕಿ!

"ಎಲ್ಲೂ ಹೋಗಿಲ್ಲ ಮೇಡಂ... ಕಿಟಕೀಲೇ ಇವೆ."

"ಕಾಣಿಸ್ತಿಲ್ವಲ್ಲ! ನನ್ನ ಮುಖಾನೇ ನಂಗೆ ಕಾಣ್ತಿದೆ!"

"ಗಾಜಿಗೆ ಫಿಲ್ಮ್ ಅಂಟಿಸಿದೀನಿ. ಹೊರಗಿಂದ ಕನ್ನಡಿ ಥರ ಇರುತ್ತೆ. ಒಳಗೆ ಹೋಗಿ ನೋಡಿ, ಬೀದಿ ಎಲ್ಲ ಚೆನ್ನಾಗಿ ಕಾಣುತ್ತೆ."

"ಬೀದಿ ನೋಡೋಕೆ ಪುಸ್ತಕದಂಗಡಿ ಇಟ್ಟಿದ್ದೀವಾ? ಬೀದಿ ನಮ್ಮನ್ನ ನೋಡ್ಬೇಕು ಕಣ್ರೀ!"

ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಜಾರಿ ನೇರ ಅವಳ ಭುಜದ ಮೇಲೆ ಬಿತ್ತು. ಅವಳ ಪಾಲಿಗೆ ಮೊದಲ ಭೇಟಿ ಹೀಗಾಯಿತು. ಇದರಲ್ಲಿ ಪ್ರೇಮ ಎಲ್ಲಿದೆ ಎಂದು ಕೇಳಬೇಡಿ, ಹುಡುಗಿಗೆ ಮೊದಲು ಕೋಪ ಇಳಿಯಬೇಕಲ್ಲ!

ಅವಳನ್ನು ಸಾಕಿದ ದೊಡ್ಡಮ್ಮ ಅವಳಿಗಿಟ್ಟ ಅಡ್ಡಹೆಸರು ಕಿಡಿ. ಬೀದಿಯ ತಿರುವಿನಲ್ಲಿರುವ ಆ ಪುಟ್ಟ ಅಂಗಡಿ ದೊಡ್ಡಮ್ಮನದು. ಮೊದಲಿನಿಂದಲೂ ಅಲ್ಲೊಂದು ಪದ್ಧತಿ ಇತ್ತು. ಯಾವ ಪುಸ್ತಕ ಕಂಡು ಯಾರಾದರೂ "ಇದನ್ನು ಒಳಗಿಡಿ" ಎಂದು ಗದರುತ್ತಾರೋ, ಆ ಪುಸ್ತಕ ಮರುದಿನವೇ ಕಿಟಕಿಯ ಮೊದಲ ಸಾಲಿಗೆ ಬರುತ್ತಿತ್ತು. ಹೆಂಗಸರ ಆಸ್ತಿ ಹಕ್ಕಿನ ಪುಸ್ತಕ ಬಂದದ್ದು ಹಾಗೆಯೇ. ಚರಂಡಿಗಿಳಿದು ಸತ್ತವರ ಕಥೆಗಳು, ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವರ ಅನುಭವಗಳು ಕೂಡ ಹಾಗೆಯೇ ಬಂದು ಕೂತಿದ್ದವು.

"ಮಕ್ಕಳು ಓಡಾಡೋ ಬೀದಿ ಇದು" ಎಂದು ಬಡಾವಣೆ ಸಂಘದ ಅಧ್ಯಕ್ಷರು ಎಷ್ಟೋ ಸಲ ಬಂದು ಹೇಳಿದ್ದರು. ಬಂದಾಗಲೆಲ್ಲ ಮೊದಲ ಸಾಲು ಇನ್ನಷ್ಟು ಉದ್ದವಾಗುತ್ತಿತ್ತು.

ಆಮೇಲೆ ಒಂದು ಸಂಜೆ ಕಲ್ಲು ಬಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ಕಿಡಿ. ಒಡೆದ ಗಾಜಿನ ಚೂರು ಹಾರಿ ಹುಬ್ಬು ಸೀಳಿತು. ಸ್ವಲ್ಪ ಕೆಳಗೆ ತಾಗಿದ್ದರೂ ಕಣ್ಣೇ ಹೋಗುತ್ತಿತ್ತು. ಹೊಡೆದವರು ಯಾರೆಂದು ಯಾರೂ ನೋಡಿಲ್ಲವಂತೆ! ತುಂಬಿದ ಬೀದಿಯಲ್ಲಿ, ಹಾಡುಹಗಲಿನಂಥ ಬೆಳಕಿನಲ್ಲಿ, ಒಬ್ಬರೂ ನೋಡಿಲ್ಲವಂತೆ!

ಇವತ್ತು ಹೊಲಿಗೆ ಬಿಚ್ಚಿಸಿಕೊಂಡು ಬಂದರೆ, ಹೊಸ ಗಾಜು ಕನ್ನಡಿಯಾಗಿ ಕೂತಿದೆ.

"ಬಿಚ್ಚಿ ಇದನ್ನ" ಎಂದಳು.

ಗಾಜಿನವನು ಏಣಿ ಇಳಿದ. "ಒಂದು ನಿಮಿಷ ಕೇಳಿ, ಇದನ್ನ ಹಾಕಿದ್ದು ಯಾಕೆ ಅಂದ್ರೆ..."

ಅಷ್ಟರಲ್ಲಿ ಹಿಂದಿನಿಂದ ಅಧ್ಯಕ್ಷರ ಧ್ವನಿ ಕೇಳಿಸಿತು. "ಭೇಷ್! ಒಳ್ಳೆ ಕೆಲಸ ಮಾಡಿದೆ ಕಣಯ್ಯ! ಹೀಗಿದ್ರೆ ಯಾರಿಗೂ ತೊಂದರೆ ಇಲ್ಲ. ಪುಸ್ತಕ ಪುಸ್ತಕದ ಪಾಡಿಗೆ, ನಾವು ನಮ್ಮ ಪಾಡಿಗೆ."

ಅವರು ಗಾಜಿನವನ ಬೆನ್ನು ತಟ್ಟಿ, ಹೊಸ ಕನ್ನಡಿಯಲ್ಲಿ ಮೀಸೆ ತೀಡಿಕೊಂಡು ಹೋದರು.

ಕಿಡಿಗೆ ಮೈಯೆಲ್ಲ ಉರಿದುಹೋಯಿತು.

'ಓಹೋ! ಕಲ್ಲಿಂದ ಆಗದ ಕೆಲಸ ಇವನ ಕೈಲಿ ಮಾಡಿಸಿದ್ದಾರೆ!'

"ಅವರು ಹೇಳಿಕೊಟ್ಟಿದ್ದಾ ಇದು? ಇಷ್ಟು ಸುಲಭಕ್ಕೆ ಆಗೋದಿದ್ರೆ ಪಾಪ ಅವರ್ಯಾಕೆ ಕಲ್ಲು ಹೊಡೆಸ್ಬೇಕಿತ್ತು?"

ಅವನ ಮುಖ ಸಪ್ಪಗಾಯಿತು. ಏನೋ ಹೇಳಲು ಬಾಯಿ ತೆರೆದವನು ಹಲ್ಲು ಕಚ್ಚಿಕೊಂಡ. ಅವನಿಗೂ ಕೋಪ ಬರುತ್ತದಲ್ಲ!

"ನಾನು ಯಾರ ಬಾಲಾನೂ ಅಲ್ಲ ಮೇಡಂ" ಎಂದಷ್ಟೇ ಹೇಳಿ, ಏಣಿ ಹೆಗಲಿಗೇರಿಸಿ ಹೊರಟುಹೋದ.

ಒಳಗೆ ಬಂದರೆ ದೊಡ್ಡಮ್ಮನದು ಬೇರೆಯೇ ರಾಗ.

"ಇರಲಿ ಬಿಡೇ ಕಿಡಿ. ಸ್ವಲ್ಪ ದಿನ ಹಾಗೇ ಇರಲಿ. ನನಗೂ ಸಾಕಾಗಿದೆ ಕಣೇ..."

"ದೊಡ್ಡಮ್ಮಾ! ನೀವು ಹೀಗೆ ಹೇಳ್ತೀರಾ? ನೀವು?!"

"ನಿನ್ನ ಮುಖದ ಮೇಲೆ ಆ ರಕ್ತ ನೋಡಿದ್ದು ನಾನು. ನೀನಲ್ಲ."

ಕಿಡಿ ಕೈಗೆ ಸಿಕ್ಕ ಪುಸ್ತಕದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದಳು.

ಅಂದಿನಿಂದ ಅಂಗಡಿ ಬಿಕೋ ಎನ್ನತೊಡಗಿತು. ದಾರಿಯಲ್ಲಿ ಹೋಗುವವರು ಮೊದಲು ಕಿಟಕಿಯೆದುರು ನಿಂತು, ಒಂದು ಹೆಸರು ಓದಿ, ಹುಬ್ಬೇರಿಸಿ, ಒಳಗೆ ಬರುತ್ತಿದ್ದರು. ಈಗ ನಿಲ್ಲುವವರೆಲ್ಲ ನಿಂತದ್ದು ತಮ್ಮನ್ನು ನೋಡಿಕೊಳ್ಳಲು. ಕಾಲೇಜು ಹುಡುಗರು ತಲೆ ಬಾಚಿಕೊಂಡರು. ಒಬ್ಬ ಮಹಾಶಯರಂತೂ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ಕಿಡಿಯ ಮೂಗಿನೆದುರೇ ಕಿತ್ತು, ಸಮಾಧಾನದಿಂದ ಮುಂದೆ ಹೋದರು! ಒಳಗೆ ಕೂತವಳು ಅದನ್ನೆಲ್ಲ ನೋಡಿ ನೋಡಿ ಕುದಿಯುತ್ತಿದ್ದಳು. ಹೀಗೇ ನಡೆದರೆ ಅಂಗಡಿ ಮುಚ್ಚಲು ಇನ್ನೊಂದು ಕಲ್ಲು ಬೇಕಿರಲಿಲ್ಲ.

ಒಬ್ಬನು ಮಾತ್ರ ಬೇರೆ ರೀತಿ ನಿಲ್ಲುತ್ತಿದ್ದ.

ದಿನಾ ಬೆಳಿಗ್ಗೆ ತನ್ನ ಅಂಗಡಿ ತೆರೆಯಲು ಹೋಗುವಾಗ ಗಾಜಿನವನು ಅಲ್ಲಿ ನಿಲ್ಲುತ್ತಿದ್ದ. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು, ಗಾಜಿಗೆ ಮುಖ ತಾಗಿಸಿ, ಒಳಗೆ ಏನನ್ನೋ ಹುಡುಕುತ್ತಿದ್ದ. ಅವಳ ಕುರ್ಚಿಯ ಕಡೆಗೇ! ಏನೂ ಕಾಣದೆ ಮುಖ ಬಾಡಿಸಿಕೊಂಡು ಹೋಗುತ್ತಿದ್ದ.

'ಏನು ಹುಡುಕ್ತಾನೆ ಇವನು? ತಾನೇ ಮುಚ್ಚಿದ್ದನ್ನ ತಾನೇ ಇಣುಕಿ ನೋಡೋದು ಅಂದ್ರೇನು?'

ಕೊನೆಗೆ ತಡೆಯಲಾರದೆ ದೊಡ್ಡಮ್ಮನನ್ನು ಕೇಳಿದಳು. ದೊಡ್ಡಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಕಲ್ಲು ಬಿದ್ದ ಸಂಜೆ ಮೊದಲು ಓಡಿ ಬಂದಿದ್ದು ಅವನೇ ಕಣೇ. ರಕ್ತ ಇಳಿದು ನಿನಗೆ ಕಣ್ಣು ಬಿಡೋಕಾಗ್ತಿರಲಿಲ್ಲ, ನಿನ್ನ ಆಟೋಗೆ ಹತ್ತಿಸಿದ್ದು ಅವನು. ನಾವು ಆಸ್ಪತ್ರೇಲಿದ್ದಾಗ ಗಾಜಿನ ಚೂರೆಲ್ಲ ಗುಡಿಸಿ, ಪುಸ್ತಕ ಒಂದೊಂದೂ ಕೊಡವಿ ಇಟ್ಟಿದ್ದ. ಆ ಫಿಲ್ಮ್ ಅಂಟಿಸಿದ್ರೆ ಗಾಜು ಒಡೆದ್ರೂ ಚೂರು ಹಾರಲ್ವಂತೆ. 'ಆ ಕುರ್ಚೀಲಿ ಕೂರೋರಿಗೆ ಏನೂ ಆಗಲ್ಲ ಅಮ್ಮಾ' ಅಂದ."

"ಇದನ್ನ ಮೊದಲೇ ಹೇಳೋಕೇನಾಗಿತ್ತು?!"

"ಹೇಳೋಕೆ ಬಿಟ್ಯಾ? ಅವನ ಹೆಸರೆತ್ತಿದ್ರೆ ಸಾಕು, ಎದ್ದು ಹೋಗ್ತಿದ್ದೆ!"

ಕಿಡಿ ಕುರ್ಚಿಯಲ್ಲಿ ಕುಸಿದು ಕೂತಳು. ಯಾರೆಂದು ತಿಳಿಯದೆ ಬಯ್ದದ್ದು... ಅವನು ಹಲ್ಲು ಕಚ್ಚಿಕೊಂಡದ್ದು... ಅವಳಿಗೆ ತನ್ನ ಮೇಲೆಯೇ ವಿಪರೀತ ಕೋಪ ಬಂತು.

'ಆದ್ರೂ ಈ ಕನ್ನಡಿ ಇರಬಾರದು. ನನ್ನ ಕಣ್ಣು ಉಳಿಸೋಕೆ ಅಂಗಡಿಯ ಕಣ್ಣು ಮುಚ್ಚೋದಾ? ಸಾಧ್ಯವೇ ಇಲ್ಲ!'

ಮರುದಿನ ಬೆಳಿಗ್ಗೆ ಬಾಗಿಲು ತೆರೆದವಳೇ ಸ್ಟೀಲ್ ಸ್ಕೇಲು ಹಿಡಿದು ಬೀದಿಗಿಳಿದಳು. ಕರಕರ ಕೆರೆಯತೊಡಗಿದಳು. ಫಿಲ್ಮ್ ಉಗುರಷ್ಟಗಲ ಮಾತ್ರ ಬಂತು. ಬೆರಳು ಕೆಂಪಾದವು. ಜನ ಸೇರಿದರು. ಜನ ಸೇರಿದ ಮೇಲೆ ಅಧ್ಯಕ್ಷರು ಬಾರದಿರುತ್ತಾರೆಯೇ? ಹೆಂಡತಿಯೊಡನೆ ವಾಕಿಂಗ್ ಮುಗಿಸಿ ಬರುತ್ತಿದ್ದವರು ಅಲ್ಲೇ ನಿಂತರು.

"ಏನಮ್ಮ ಇದು? ಎಲ್ಲ ಸರಿಹೋಗಿತ್ತಲ್ಲ! ಮತ್ತೆ ಕಲ್ಲು ಬಿದ್ರೆ ನನ್ನ ಕೇಳಬೇಡ!"

"ಬೀಳೋ ಕಲ್ಲಿನ ವಿಷಯ ನಿಮಗೆ ಮುಂಚೇನೇ ಹೇಗೆ ಗೊತ್ತಾಗುತ್ತೆ ಸರ್?"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮುಖ ಕಪ್ಪಿಟ್ಟಿತು.

"ನೀರು ಹಾಕದೆ ಕೆರೆದ್ರೆ ಗಾಜೆಲ್ಲ ಗೀರು ಬೀಳುತ್ತೆ. ಸರೀರಿ."

ಆ ಧ್ವನಿಗೆ ಅವಳ ಕೈ ನಿಂತಿತು. ಗಾಜಿನವನು! ಒಂದು ಕೈಯಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬ್ಲೇಡು, ಕಂಕುಳಲ್ಲಿ ಸುತ್ತಿದ ಹೊಸ ಫಿಲ್ಮ್.

"ನನಗೆ ಯಾರ ಸಹಾಯಾನೂ ಬೇಡ" ಎಂದಳು. ಆದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ಸಹಾಯ ಅಲ್ಲ. ನನ್ನ ತಪ್ಪು ನಾನೇ ತೆಗೀತೀನಿ."

ನೀರು ಚಿಮುಕಿಸಿ ಅವನು ಒಂದು ಮೂಲೆ ಎಬ್ಬಿಸಿದ. ಅವಳು ಇನ್ನೊಂದು ಮೂಲೆ ಹಿಡಿದಳು. ಇಬ್ಬರೂ ಗಾಜಿನ ಕಡೆಗೆ ಮುಖ ಮಾಡಿಯೇ ಮಾತಾಡಿದರು.

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಬೈದ್ರಿ."

"ಬೈದ್ರೆ ತಿರುಗಿ ಬೈಬೇಕು! ಹಾಗೆ ಹೊರಟು ಹೋಗೋದಾ?"

"ಬೈಯೋಕೆ ನನ್ನ ಹತ್ರ ನ್ಯಾಯ ಇರಲಿಲ್ಲ. ದಪ್ಪ ಫಿಲ್ಮ್ ಅಂತ ನನ್ನ ಅಂಗಡೀಲಿ ಇದ್ದಿದ್ದು ಅದೊಂದೇ. ತಂದು ಅಂಟಿಸಿಬಿಟ್ಟೆ. ಹೊರಗಿಂದ ಹೇಗೆ ಕಾಣುತ್ತೆ ಅಂತ ಯೋಚನೇನೇ ಮಾಡಲಿಲ್ಲ. ಗಾಜಿನ ಕೆಲಸದವನು ನಾನು, ನನಗೇ ಹೊಳೀಲಿಲ್ಲ! ತಲೇಲಿ ಇದ್ದಿದ್ದು ಆ ಕುರ್ಚಿ... ಅದರಲ್ಲಿ ನೀವು. ಅಷ್ಟೇ."

ಫಿಲ್ಮ್ ಸರ್ರನೆ ಅರ್ಧ ಕಳಚಿತು.

"ಮಾರನೇ ದಿನ ಬಂದು ನೋಡಿದೆ" ಅವನು ಮೆಲ್ಲಗೆ ಹೇಳಿದ. "ನೀವೇ ಕಾಣಲಿಲ್ಲ. ನನ್ನ ಮುಖ ನಾನೇ ನೋಡ್ಕೊಂಡು ಹೋದೆ. ಆಗ ಅರ್ಥ ಆಯ್ತು ನಿಮ್ಮ ಕೋಪ."

"ನಂಗೆ ಕಾಣಿಸ್ತಿತ್ತು."

"ಏನು?"

"ನೀವು ದಿನಾ ಇಣುಕೋದು. ಒಳಗಿಂದ ಎಲ್ಲಾ ಕಾಣುತ್ತೆ ಅಂತ ನೀವೇ ಹೇಳಿದ್ರಲ್ಲ!"

ಅವನ ಕಿವಿಯವರೆಗೂ ಕೆಂಪೇರಿತು.

ಕೊನೆಯ ಚೂರೂ ಬಂತು. ಮೊದಲ ಸಾಲು ಬೀದಿಯನ್ನು ನೋಡಿತು, ಬೀದಿ ಮೊದಲ ಸಾಲನ್ನು ನೋಡಿತು.

"ನಾಚಿಕೆ ಇಲ್ಲ" ಎಂದು ಅಧ್ಯಕ್ಷರು ಗೊಣಗಿದರು. "ನಡಿಯೇ ಹೋಗೋಣ."

ಅವರ ಹೆಂಡತಿ ಕದಲಲಿಲ್ಲ. ನೆಟ್ಟ ನೋಟದಿಂದ ಕಿಟಕಿ ನೋಡುತ್ತಿದ್ದರು.

"ನೀವು ಹೋಗಿರಿ" ಎಂದರು. "ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆ. ಕಿಡಿ, ಆ ಹೆಂಗಸರ ಆಸ್ತಿ ಪುಸ್ತಕ ಒಂದು ಕೊಡಮ್ಮ. ಎಷ್ಟು ದಿನದಿಂದ ದೂರದಿಂದಲೇ ನೋಡ್ತಿದ್ದೆ."

ಅವರ ಹಿಂದೆ ಬೀದಿಯ ನರ್ಸಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು, ಟೈಲರ್ ಹತ್ತಿದರು, ಕಲ್ಲು ಬಿದ್ದ ದಿನ ಏನೂ ನೋಡದ ಎದುರುಮನೆಯವರೂ ತಲೆ ತಗ್ಗಿಸಿ ಹತ್ತಿದರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಬನ್ನಿ, ಬನ್ನಿ" ಎಂದು ಎಲ್ಲರನ್ನೂ ಒಳಗೆ ಕರೆದರು.

ಹೊರಗೆ ಗಾಜಿನವನು ಹೊಸ ಫಿಲ್ಮ್ ಅಂಟಿಸಿದ. ದಪ್ಪದ್ದು, ಆದರೆ ನೀರಿನಷ್ಟು ತಿಳಿ. ಕೆಲಸ ಮುಗಿದರೂ ಅಲ್ಲೇ ನಿಂತ.

"ಇನ್ನೂ ಕೋಪ ಇದೆಯಾ?"

"ಇದೆ. ಕಲ್ಲು ಹೊಡೆದೋರ ಮೇಲೆ, ನೋಡಿಯೂ ಸುಮ್ಮನಿದ್ದೋರ ಮೇಲೆ. ಅದು ಹೋಗಲ್ಲ. ಹೋಗಲೂಬಾರದು."

"ಹೋಗೋದು ಬೇಡ. ಇಂಥ ಕೋಪ ಕಂಡೇ ನಾನು ಕಲ್ಲು ಬೀಳೋಕೂ ಮುಂಚೆ ದಿನಾ ಈ ದಾರೀಲಿ ಬರೋಕೆ ಶುರು ಮಾಡಿದ್ದು." ಅವನು ಉಸಿರೆಳೆದುಕೊಂಡ. "ನೀವಂದ್ರೆ ನನಗೆ ಇಷ್ಟ. ತುಂಬಾ. ಹೇಳೋಕೆ ಬರದೆ ಗಾಜಿಗೆ ಏನೇನೋ ಅಂಟಿಸಿದೆ."

ಕಿಡಿ ನಕ್ಕಳು. ಕಣ್ಣಲ್ಲಿ ನೀರಿತ್ತು, ಅದನ್ನವಳು ಒರೆಸಿಕೊಳ್ಳಲಿಲ್ಲ. ಸೋಪಿನ ನೀರಿನಿಂದ ಒದ್ದೆಯಾದ ಅವನ ಕೈ ಹಿಡಿದಳು.

"ಒಳಗೆ ಬಾ."

"ಇಡೀ ಬೀದಿ ನೋಡ್ತಿದೆ ಕಿಡಿ..."

"ನೋಡ್ಲಿ ಬಿಡು. ಮುಚ್ಚಿಡೋ ಅಂಥದ್ದು ಏನಿದೆ ನಮ್ಮ ಹತ್ರ?"